ನಾನು ಸುತ್ತಿದ ಕಾಯಿಲ್

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಗುಬ್ಬಿಯಿಂದ ರೈಲಿನಲ್ಲಿ ತುಮಕೂರಿಗೆ ಬಂದು ಬಿ.ಎಸ್ಸಿ. ಓದುತ್ತಿದ್ದೆ. ಭೌತಶಾಸ್ತ್ರದ ಲ್ಯಾಬಿನಲ್ಲಿ ಮೇಷ್ಟ್ರದ್ದು ಒಂದೇ ಕಾನೂನು: ಹುಡುಗರು ಸರ್ಕ್ಯೂಟ್ ಜೋಡಿಸಬೇಕು, ಹುಡುಗಿಯರು ರೀಡಿಂಗ್ ಬರೆದುಕೊಳ್ಳಬೇಕು. "ಕೈ ಸುಟ್ಕೊಂಡ್ರೆ ನಿಮ್ಮಪ್ಪಂಗೆ ಯಾರಮ್ಮ ಉತ್ತರ ಹೇಳೋರು?" ಎನ್ನುತ್ತಿದ್ದರು. ನಮ್ಮಪ್ಪನದು ಮೋಟಾರು ರಿವೈಂಡಿಂಗ್ ಅಂಗಡಿ. ತಾಮ್ರದ ತಂತಿ ಸುತ್ತುತ್ತಲೇ ಬೆಳೆದವಳು ನಾನು. ಆ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು.

ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಬ್ಯಾಟರಿ ಬೇಡದ ಪುಟ್ಟ ರೇಡಿಯೋ ಮಾಡುವುದೆಂದಾಯಿತು. ನನ್ನ ಜೊತೆ ಕುಣಿಗಲ್ ಕಡೆಯ ಇಬ್ಬರು ಹುಡುಗರಿದ್ದರು. ಅವರು ಸುತ್ತಿದ ಕಾಯಿಲ್, ಅಂದರೆ ತಾಮ್ರದ ತಂತಿಯ ಸುರುಳಿ, ಸಡಿಲವಾಗಿ ಬಿಚ್ಚಿಕೊಂಡಿತು. ನಾನು ಮನೆಯಲ್ಲಿ ರಟ್ಟಿನ ಕೊಳವೆಯ ಮೇಲೆ ಬೇರೆಯದನ್ನೇ ಒತ್ತಾಗಿ ಸುತ್ತಿ ತಂದೆ. ಕಾಯಿಲ್‌ಗೆ ಕೆಪಾಸಿಟರ್ ಜೋಡಿಸಿದರೆ ವಿದ್ಯುತ್ತು ಎರಡರ ನಡುವೆ ಉಯ್ಯಾಲೆಯಂತೆ ಓಡಾಡುತ್ತದೆ. ಕೆಪಾಸಿಟರ್ ತುಂಬಿಕೊಂಡದ್ದನ್ನು ಬಿಟ್ಟುಕೊಡುತ್ತದೆ. ಕಾಯಿಲ್ ಅದನ್ನು ತನ್ನ ಸುತ್ತ ಅಯಸ್ಕಾಂತದ ಶಕ್ತಿಯಾಗಿ ಹಿಡಿದಿಟ್ಟು ಮರಳಿಸುತ್ತದೆ. ಆ ಓಲಾಟ ಯಾವ ಸ್ಟೇಷನ್ನಿನ ಅಲೆಗೆ ಹೊಂದುತ್ತದೋ ಅದೇ ಕಿವಿಗೆ ಬೀಳುತ್ತದೆ. ಕೆಪಾಸಿಟರಿನ ಗುಂಡಿ ತಿರುಗಿಸಿದೆ. ಬೆಂಗಳೂರು ಸ್ಟೇಷನ್ ಕೇಳಿಸಿತು.

ಪ್ರದರ್ಶನದ ದಿನ ಮೇಜಿನ ಮೇಲಿನ ಚೀಟಿಯಲ್ಲಿ ಹುಡುಗರಿಬ್ಬರ ಹೆಸರು ಮಾತ್ರ ಇತ್ತು. ನನಗೆ ಬಾಗಿಲಲ್ಲಿ ನಿಂತು ಹೂ ಕೊಡುವ ಕೆಲಸ.

"ಸಾರ್, ಇದನ್ನ ಮಾಡಿದ್ದು ನಾನು."

"ನಿಮ್ಮಪ್ಪ ಸುತ್ಕೊಟ್ಟಿರ್ತಾರೆ ಬಿಡಮ್ಮ. ಹೋಗು, ಗೆಸ್ಟು ಬರ್ತಾವ್ರೆ."

ಅಪ್ಪ ಅದನ್ನು ಮುಟ್ಟಿಯೂ ಇರಲಿಲ್ಲ. ಮೇಷ್ಟ್ರು ಅತ್ತ ತಿರುಗಿದ್ದೇ ತಡ, ಎರಡೂ ತಂತಿ ಬಿಡಿಸಿ ಕಾಯಿಲನ್ನು ಚೀಲಕ್ಕೆ ಹಾಕಿಕೊಂಡೆ.

ಅತಿಥಿಗಳು ಹೆಡ್‌ಫೋನ್ ಇಟ್ಟುಕೊಂಡು, "ಏನೂ ಬರ್ತಿಲ್ವಲ್ರೀ?" ಎಂದರು. ಮೇಷ್ಟ್ರು ಗುಂಡಿ ತಿರುಗಿಸಿದ್ದೇ ತಿರುಗಿಸಿದ್ದು. ಕೊನೆಗೆ ಕುಣಿಗಲ್ ಹುಡುಗನೊಬ್ಬ ನನ್ನತ್ತ ಕೈ ತೋರಿಸಿ ಬಾಯಿಬಿಟ್ಟ: "ಕಾಯಿಲ್ ಅವ್ರತ್ರ ಐತೆ ಸಾರ್. ಮಾಡಿದ್ದೂ ಅವ್ರೇ. ನಮ್ ಕೈಲಿ ಆಗ್ಲಿಲ್ಲ."

ಎಲ್ಲರ ಮುಂದೆಯೇ ತಂತಿ ಜೋಡಿಸಿದೆ. ಸ್ಟೇಷನ್ ಬಂತು. ಅತಿಥಿಗಳು "ಭೇಷ್" ಎಂದು ಮುಂದೆ ಹೋದರು. ಮೇಷ್ಟ್ರು ಚೀಟಿ ಮಾತ್ರ ಬದಲಿಸಲಿಲ್ಲ. ಪ್ರಿನ್ಸಿಪಾಲರ ಬಳಿ ಹೋದರೆ, "ಹೆಣ್ಮಕ್ಕಳಿಗೆ ಇಷ್ಟೊಂದು ಹಟ ಯಾಕಮ್ಮ?" ಎಂದು ಕಳಿಸಿಬಿಟ್ಟರು. ನನ್ನ ಕೆಲಸಕ್ಕೆ ನನ್ನ ಹೆಸರು ಕೇಳಿದರೆ ಹಟವಂತೆ!

ಮುಂದಿನ ಲ್ಯಾಬಿನಲ್ಲಿ ನಾವು ಹುಡುಗಿಯರ್ಯಾರೂ ಪೆನ್ನು ಮುಟ್ಟಲಿಲ್ಲ. "ಸರ್ಕ್ಯೂಟ್ ಕೊಡಿ ಸಾರ್, ಆಮೇಲೆ ಬರೀತೀವಿ" ಎಂದೆವು. ಮೇಷ್ಟ್ರು ಕೂಗಾಡಿದರು, ಕೊನೆಗೆ ಸರ್ಕ್ಯೂಟ್ ಸಾಮಾನಿನ ಪೆಟ್ಟಿಗೆಯನ್ನು ನಮ್ಮ ಮೇಜಿನ ಮೇಲೆ ಕುಕ್ಕಿ ಹೊರಗೆ ನಡೆದರು. ಆ ಸಿಟ್ಟು ನನ್ನಲ್ಲಿ ಇಂದಿಗೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇಲ್ಲ.