ಅವರ ಫೋಟೋ, ನನ್ನ ವಾಕ್ಯ

ಆ ಫೋಟೋಗ್ರಾಫರನ್ನು ಶಿವಾಜಿನಗರದ ಮೀನು ಮಾರುಕಟ್ಟೆಗೆ ಕರೆದುಕೊಂಡು ಹೋದವಳು ನಾನೇ. ಇದನ್ನು ಮೊದಲೇ ಹೇಳಿಬಿಡಬೇಕು. ಮುಂದೆ ನಾನು ಬೈಯುವ ಜನರ ಸಾಲಿನಲ್ಲಿ ನಾನೂ ಇದ್ದೇನೆ.

ನಾನು ಕಾರವಾರದಲ್ಲಿ ಕಡಲ ಜೀವಶಾಸ್ತ್ರ ಓದಿದವಳು. ಓದು ಮುಗಿದ ಮೇಲೆ ಕೆಲವು ವರ್ಷ, ದೋಣಿಗಳು ಬರುವ ಹೊತ್ತಿಗೆ ಬಂದರಿನಲ್ಲಿ ನಿಂತು, ಬುಟ್ಟಿಗಳಿಂದ ಮೀನು ಎತ್ತಿ, ಉದ್ದ ಅಳೆದು ಬರೆದುಕೊಳ್ಳುವ ಕೆಲಸ ಮಾಡಿದೆ. ಮದುವೆಯಾಗಿ ಬೆಂಗಳೂರಿನ ಹೊಸ ತಿಪ್ಪಸಂದ್ರಕ್ಕೆ ಬಂದ ಮೇಲೆ ಅಳತೆ ನಿಂತಿತು, ಬರವಣಿಗೆ ಉಳಿಯಿತು. ಕಡಲಿನ ಬಗ್ಗೆ ಪತ್ರಿಕೆಗಳಿಗೆ, ಮಕ್ಕಳ ಪುಸ್ತಕಗಳಿಗೆ ಕನ್ನಡದಲ್ಲಿ ಬರೆಯುತ್ತೇನೆ. ಕಡಲಿಲ್ಲದ ಊರಿನಲ್ಲಿ ಕೂತು ಯಾಕೆ ಈ ಕೆಲಸ ಎಂದು ನೆಂಟರು ಈಗಲೂ ಕೇಳುತ್ತಾರೆ.

ಆ ಊರಿನಲ್ಲಿ ಕಡಲಿನ ಮಾತಾಡಲು ನನಗೆ ಸಿಕ್ಕವರು ಮಾರುಕಟ್ಟೆಯ ಮೀನಿನ ಭಾಯ್. ಅವರ ಅಂಗಡಿಗೆ ಹೋಗಲು ಶುರುಮಾಡಿ ಇಪ್ಪತ್ತು ವರ್ಷದ ಮೇಲಾಯಿತು. ಮೊದಲ ದಿನ ನಾನು ಬಂಗುಡೆಯ ಕಿವಿರು ಎತ್ತಿ ನೋಡಿದ ರೀತಿ ಕಂಡು, "ಮೇಡಂ ಸಮುದ್ರದ ಕಡೆಯೋರಾ?" ಎಂದು ಕೇಳಿದ್ದರು. ನಾನು ಇಸ್ವಾಣ ಎನ್ನುವ ಮೀನನ್ನು ಅವರು ವಂಜರಂ ಎನ್ನುತ್ತಿದ್ದರು, ಮಂಗಳೂರಿನ ಗಿರಾಕಿಗಳು ಬಂದರೆ ಅದೇ ಮೀನಿಗೆ ಅಂಜಲ್ ಎನ್ನುತ್ತಿದ್ದರು. ಅವರ ಮನೆಯಲ್ಲಿ ದಖನಿ ಉರ್ದು, ಅಂಗಡಿಯಲ್ಲಿ ನಾಲ್ಕು ಭಾಷೆ. ಯಾವ ತಿಂಗಳು ಯಾವ ಮೀನು ಕಡಿಮೆಯಾಯಿತು, ಯಾವುದು ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದೆ ಎಂಬುದು ಅವರಿಗೆ ಬಾಯಿಪಾಠವಿತ್ತು. ಬಂದರಿನಲ್ಲಿ ನಾನು ಸ್ಕೇಲು ಹಿಡಿದು ಕಂಡುಕೊಂಡದ್ದನ್ನು ಅವರು ಅಂಗೈಯಲ್ಲೇ ಕಂಡುಕೊಂಡಿದ್ದರು.

ಎರಡು ವರ್ಷದ ಹಿಂದೆ ಒಂದು ಸಂಸ್ಥೆಯವರು ಇಂದಿರಾನಗರದ ಹಳೆಯ ಬಂಗಲೆಯೊಂದರಲ್ಲಿ ಕಡಲಿನ ಕುರಿತು ಮೂರು ತಿಂಗಳ ಪ್ರದರ್ಶನ ಇಡಲು ಹೊರಟರು. ಕನ್ನಡ ಬರಹಕ್ಕೆ ನನ್ನನ್ನು ಕರೆದರು. ನನಗೆ ಸಂತೋಷವೋ ಸಂತೋಷ. ಹವಳ, ಆಮೆ, ತಿಮಿಂಗಿಲ ಎಲ್ಲ ಇರಲಿ, ಆದರೆ ಬೆಂಗಳೂರಿನವರಿಗೂ ಕಡಲಿಗೂ ಇರುವ ಸಂಬಂಧ ತೋರಿಸುವ ಒಂದು ಫಲಕ ಬೇಕೇ ಬೇಕು ಎಂದೆ. ಆ ಸಂಬಂಧ ಏನೆಂದು ನನಗೆ ಹೇಳಿಕೊಟ್ಟವರು ಭಾಯ್. ಅದಕ್ಕೇ ಫೋಟೋಗ್ರಾಫರನ್ನು ಅವರ ಅಂಗಡಿಗೆ ಕರೆದೊಯ್ದೆ.

ಭಾಯ್ ಐಸಿನ ಪೆಟ್ಟಿಗೆಗೆ ಕೈ ಹಾಕಿ ಎರಡು ಸಣ್ಣ ಪಾಂಫ್ರೆಟ್ ತೆಗೆದರು. ಎರಡೂ ಅಂಗೈಗಿಂತ ದೊಡ್ಡವಲ್ಲ.

"ನೋಡಿ ಮೇಡಂ, ಇದು ಬಚ್ಚಾ. ಹೋಟ್ಲೋರಿಗೆ ಪ್ಲೇಟ್ ಸೈಜೇ ಬೇಕು. ತಲೆ, ಬಾಲ ಎಲ್ಲ ಪ್ಲೇಟೊಳಗೆ ಕೂರ್ಬೇಕಂತೆ. ದೊಡ್ಡದು ಕಳಿಸಿದ್ರೆ ವಾಪಸ್ ಬರ್ತದೆ. ಮೀನು ಬೆಳೆಯೋಕೇ ಬಿಡ್ಲಿಲ್ಲ ಅಂದ್ರೆ ನಾಳೆ ನಾನು ಏನ್ ಮಾರ್ಲಿ?"

"ಹಾಗೇ ಹಿಡ್ಕೊಳ್ಳಿ ಸರ್," ಎಂದ ಫೋಟೋಗ್ರಾಫರ್. ಭಾಯ್ ಎರಡೂ ಕೈ ಎತ್ತಿ ಹಿಡಿದರು. ಆಮೇಲೆ ಫೋಟೋಗ್ರಾಫರ್ ಒಂದು ಇಂಗ್ಲಿಷ್ ಕಾಗದ ಮುಂದೆ ಹಿಡಿದ. "ಏನಿದೆ ಇದ್ರಲ್ಲಿ?" ಎಂದು ಭಾಯ್ ನನ್ನನ್ನು ಕೇಳಿದರು. "ಫೋಟೋ ಹಾಕ್ತೀವಿ ಅಂತ ಇದೆ ಭಾಯ್. ಮಕ್ಕಳು ನೋಡಿ ಕಲೀತಾರೆ," ಎಂದೆ. ಅವರು ಕೈ ಒರೆಸಿಕೊಂಡು ಉರ್ದುವಿನಲ್ಲಿ ಸಹಿ ಹಾಕಿದರು. ಆ ಕಾಗದವನ್ನು ನಾನು ಪೂರ್ತಿ ಓದಿರಲಿಲ್ಲ. ಮೊದಲ ಸಾಲು ನೋಡಿ ಹೇಳಿದ್ದೆ, ಅಷ್ಟೇ.

ಫಲಕಕ್ಕೆ ನಾನು ಬರೆದದ್ದು ಸರಳವಾಗಿತ್ತು. ನಗರದ ಹೋಟೆಲುಗಳು ತಟ್ಟೆಗೆ ಹೊಂದುವ ಮೀನನ್ನೇ ಕೇಳುತ್ತವೆ. ಆ ಬೇಡಿಕೆ ಮಾರುಕಟ್ಟೆಯಿಂದ ಲಾರಿಗೆ, ಲಾರಿಯಿಂದ ಬಂದರಿಗೆ, ಬಂದರಿನಿಂದ ಬಲೆಗೆ ಹೋಗುತ್ತದೆ. ಹೀಗೆ ಬಲೆಗೆ ಬೀಳುವವು ಒಮ್ಮೆಯೂ ಮೊಟ್ಟೆ ಇಡದ ಮರಿಗಳು, ಅವುಗಳ ಜೊತೆಗೇ ಮುಂದಿನ ಸಂತತಿಯೂ ಹೋಗುತ್ತದೆ.

ಒಂದು ವಾರದ ನಂತರ ಪ್ರದರ್ಶನದ ಮುಖ್ಯಸ್ಥರು ನನ್ನನ್ನು ಕರೆದರು. ನಲವತ್ತರ ಆಸುಪಾಸಿನ, ಬಹಳ ನಯವಾಗಿ ಮಾತಾಡುವ ಮನುಷ್ಯ.

"ಟೆಕ್ಸ್ಟ್ ಸೂಪರ್ ಆಗಿದೆ ಮೇಡಂ. ಆದ್ರೆ ಹೋಟೆಲ್ ಆಂಗಲ್ ಬೇಡ. ನಮ್ಮ ಫುಡ್ ಪಾರ್ಟ್‌ನರ್ ನೂರಡಿ ರಸ್ತೆಯ ಹೋಟೆಲಿನವರು. ಅವರಿಗೆ ಮುಜುಗರ ಆಗತ್ತೆ."

ನಾನು ಅರ್ಧ ಗಂಟೆ ವಾದಿಸಿದೆ. ಆಮೇಲೆ ಸೋತೆ. ಉಳಿದ ಫಲಕಗಳೆಲ್ಲ ಚೆನ್ನಾಗಿ ಬಂದಿವೆ, ಒಂದಕ್ಕಾಗಿ ಎಲ್ಲವನ್ನೂ ಕೆಡಿಸುವುದು ಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ಆ ಫಲಕವನ್ನೇ ಕೈಬಿಡುತ್ತಾರೆ ಎಂದುಕೊಂಡು ಮನೆಗೆ ಬಂದೆ. ಉದ್ಘಾಟನೆಯ ವಾರ ನೆಂಟರ ಮದುವೆಗೆಂದು ಊರಿಗೆ ಹೋಗಿದ್ದೆ.

ಭಾಯ್ ಮಗಳು ಶಿವಾಜಿನಗರದ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರ್. ಊರಿನಿಂದ ಬಂದ ಕೂಡಲೇ ಅವರಿಗೆ ಫೋನ್ ಮಾಡಿ, ಮಕ್ಕಳನ್ನು ಪ್ರದರ್ಶನಕ್ಕೆ ಕರೆತನ್ನಿ ಎಂದೆ. ಅವರು ಏಳನೇ ತರಗತಿಯ ಮಕ್ಕಳನ್ನೆಲ್ಲ ಬಸ್ಸಿನಲ್ಲಿ ಕರೆತಂದರು. ಮಹದೇವಪುರದ ಯಾವುದೋ ಕಂಪನಿಯಿಂದ ಬಂದ ಸ್ವಯಂಸೇವಕರು ಇಂಗ್ಲಿಷಿನಲ್ಲಿ ವಿವರಿಸಲು ಶುರುಮಾಡಿದಾಗ ಮಕ್ಕಳು ಮುಖ ಮುಖ ನೋಡಿಕೊಂಡರು. ನಾನು ಕನ್ನಡದಲ್ಲಿ ಹೇಳತೊಡಗಿದೆ, ಅರ್ಥವಾಗದವರಿಗೆ ಟೀಚರ್ ದಖನಿಯಲ್ಲಿ ಹೇಳಿದರು. ಅಂಗಳದಲ್ಲಿ ನೀಲಿ ತಿಮಿಂಗಿಲದ ಚಿತ್ರವನ್ನು ನಿಜವಾದ ಅಳತೆಯಲ್ಲೇ ಬರೆದಿದ್ದರು. ಜಾಗ ಸಾಲದೆ ಬಾಲ ಗೇಟು ದಾಟಿ ಫುಟ್‌ಪಾತಿಗೆ ಬಂದಿತ್ತು. ಮಕ್ಕಳು ಒಬ್ಬರ ಕಾಲಿಗೆ ಇನ್ನೊಬ್ಬರು ತಲೆ ತಾಗಿಸಿ ಸಾಲಾಗಿ ಮಲಗಿ ಅದನ್ನು ಅಳೆದರು. ಹದಿನಾರು ಜನ ಮಲಗಿದರೂ ಇನ್ನೂ ಇಬ್ಬರು ಬೇಕಾಯಿತು. ಟೀಚರ್ ನಗುತ್ತಿದ್ದರು. ನಾನು ಇಷ್ಟು ವರ್ಷ ಬರೆದದ್ದೆಲ್ಲ ಆ ಒಂದು ಗಂಟೆಗೆ ಸಾರ್ಥಕವಾಯಿತು ಅನ್ನಿಸಿತ್ತು.

ಆಮೇಲೆ ಕೊನೆಯ ಕೋಣೆಗೆ ಹೋದೆವು.

ಗೋಡೆಯ ತುಂಬ ಭಾಯ್. ಎರಡೂ ಕೈಯಲ್ಲಿ ಸಣ್ಣ ಪಾಂಫ್ರೆಟ್. ಅವರ ತಲೆಯ ಮೇಲೆ ದಪ್ಪ ಅಕ್ಷರಗಳಲ್ಲಿ ತಲೆಬರಹ. ಆಳಂದದ ಕಡೆಯಿಂದ ದುಡಿಯಲು ಬಂದ ಕುಟುಂಬದ ಹುಡುಗಿಯೊಬ್ಬಳು ಆ ತರಗತಿಯಲ್ಲಿದ್ದಳು. ಕನ್ನಡವನ್ನು ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದಳು. ಪ್ರತಿ ಫಲಕವನ್ನೂ ಗಟ್ಟಿಯಾಗಿ ಓದುತ್ತ ಬಂದವಳು ಇದನ್ನೂ ಓದಿದಳು. "ಕಡಲನ್ನು ಬರಿದು ಮಾಡುವ ಕೈಗಳು." ಉಸಿರು ತೆಗೆದುಕೊಂಡು ಕೆಳಗಿನದನ್ನೂ ಓದಿದಳು. "ಇವು ಒಮ್ಮೆಯೂ ಮೊಟ್ಟೆ ಇಡದ ಮರಿಗಳು. ಇವುಗಳ ಜೊತೆಗೇ ಮುಂದಿನ ಸಂತತಿಯೂ ಹೋಗುತ್ತದೆ."

ಅದು ನನ್ನ ವಾಕ್ಯ. ಹೋಟೆಲು, ತಟ್ಟೆ, ಲಾರಿ, ಬಂದರು ಎಲ್ಲ ಹೋಗಿ ಅದೊಂದೇ ಉಳಿದಿತ್ತು.

"ಮಿಸ್, ಇವ್ರು ನಿಮ್ಮ ಅಬ್ಬಾ ಅಲ್ವಾ?" ಎಂದು ಇನ್ನೊಬ್ಬಳು ಕೇಳಿದಳು.

ಟೀಚರ್ ಫಲಕವನ್ನು ಮೇಲಿಂದ ಕೆಳಗೆ ಒಮ್ಮೆ ಓದಿದರು. ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದರು.

"ಇದು ನೀವು ಬರ್ದಿದ್ದಾ ಮೇಡಂ?"

"ಮೇಲಿನದು ನನ್ನದಲ್ಲ. ಕೆಳಗಿನ ವಾಕ್ಯ ನಂದು."

"ಸರಿ," ಎಂದರು. ಮಕ್ಕಳನ್ನು ಸಾಲು ಮಾಡಿ ನಿಲ್ಲಿಸಿ ಹೊರಗೆ ಕರೆದುಕೊಂಡು ಹೋದರು. ನನ್ನ ಜೊತೆ ಮತ್ತೆ ಮಾತಾಡಲಿಲ್ಲ.

ನಾನು ನೇರ ಮುಖ್ಯಸ್ಥರ ಕೋಣೆಗೆ ಹೋದೆ. ಹೋಟೆಲಿನವರು ಏನು ಕೇಳುತ್ತಾರೆಂದು ತೋರಿಸಲು ಭಾಯ್ ಮೀನು ಎತ್ತಿ ಹಿಡಿದಿದ್ದರು. ಸಾಕ್ಷಿ ಹೇಳಲು ಬಂದವರನ್ನು ಅಪರಾಧಿಯ ಜಾಗದಲ್ಲಿ ನಿಲ್ಲಿಸಿದ್ದೀರಿ ಎಂದೆ.

"ಇದು ಪರ್ಸನಲ್ ಅಲ್ಲ ಮೇಡಂ. ಅವರು ಒಂದು ಸಿಂಬಲ್ ಅಷ್ಟೇ. ಕನ್ಸೆಂಟ್ ಫಾರ್ಮ್ ಕೂಡ ಇದೆ."

"ಅವರ ಮಗಳು ಈಗ ತಾನೇ ಮಕ್ಕಳ ಎದುರಿಗೆ ಇದನ್ನ ನೋಡಿ ಹೋದ್ರು."

ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಓ. ಆ ಕಡೆಯವರು ಇಲ್ಲಿಗೆ ಬರ್ತಾರೆ ಅಂತ ನಾವು ಅಂದ್ಕೊಂಡಿರ್ಲಿಲ್ಲ."

"ಹಾಗಾದ್ರೆ ಕನ್ನಡದಲ್ಲಿ ಯಾರಿಗೋಸ್ಕರ ಬರೆಸಿದ್ರಿ?"

"ಲೋಕಲ್ ಲಾಂಗ್ವೇಜ್ ಇರ್ಲೇಬೇಕು ಅಂತ ಫಂಡಿಂಗ್ ಕಂಡೀಷನ್ ಇದೆ ಮೇಡಂ," ಎಂದರು. ಏನಾದರೂ ಮಾಡುತ್ತೇವೆ ಎಂದು ಭರವಸೆ ಕೊಟ್ಟರು.

ಮಾರನೆಯ ದಿನ ಹೋಗಿ ನೋಡಿದರೆ ಮಾಡಿದ್ದರು. ಭಾಯ್ ಕಣ್ಣಿಗೆ ಅಡ್ಡಲಾಗಿ ಒಂದು ಕಪ್ಪು ಪಟ್ಟಿ ಅಂಟಿಸಿದ್ದರು.

ಅಷ್ಟು ಸಿಟ್ಟು ನನಗೆ ಜೀವಮಾನದಲ್ಲಿ ಬಂದಿರಲಿಲ್ಲ. ಸಂಸ್ಥೆಯವರು ಕೆಟ್ಟವರಾಗಿದ್ದರೆ ಸಿಟ್ಟು ಸುಲಭವಾಗುತ್ತಿತ್ತು. ಅವರು ಪ್ಲಾಸ್ಟಿಕ್ ಬಾಟಲಿ ಮುಟ್ಟದ, ಆಮೆಯ ವಿಡಿಯೋ ನೋಡಿ ಕಣ್ಣೀರು ಹಾಕುವ ಜನ. ಮೀನಿನ ಮರಿಯ ಬಗ್ಗೆ ಇರುವ ಕರುಣೆಯಲ್ಲಿ ಒಂದು ಚೂರನ್ನು ಮೀನು ಮಾರುವವನಿಗೆ ಕೊಡಲು ಅವರಿಗೆ ಹೊಳೆಯಲಿಲ್ಲ. ತಿನ್ನುವವನ ಹೆಸರು ಹೇಳಲು ಮುಜುಗರ, ಮಾರುವವನ ಮುಖ ಗೋಡೆಯಷ್ಟು ದೊಡ್ಡದು ಮಾಡಲು ಯಾವ ಮುಜುಗರವೂ ಇಲ್ಲ. ಇದಕ್ಕೆ ಜನಜಾಗೃತಿ ಎಂಬ ಹೆಸರು.

ನಾನು ಫಲಕದ ಒಂದು ಮೂಲೆ ಹಿಡಿದು ಎಳೆದೆ. ಅದು ಫ್ಲೆಕ್ಸ್, ಅಂಟಿನ ಟೇಪಿನಲ್ಲಿ ನಿಂತಿತ್ತು. ಅರ್ಧ ಬಂದು ನನ್ನ ಮೇಲೆಯೇ ಬಿತ್ತು. ಅಲ್ಲಿದ್ದ ಸ್ವಯಂಸೇವಕಿಯೊಬ್ಬಳು ಓಡಿಬಂದಳು, ತಡೆಯಲು ಎಂದುಕೊಂಡೆ. ಅವಳು ಇನ್ನೊಂದು ತುದಿ ಬಿಡಿಸಿ, ಸುತ್ತಿ ನನ್ನ ಕೈಗೆ ಕೊಟ್ಟಳು. ಅದನ್ನು ಆಟೋದಲ್ಲಿ ಹಾಕಿಕೊಂಡು, ಹಲಸೂರು ದಾಟಿ ಶಿವಾಜಿನಗರಕ್ಕೆ ಹೋದೆ.

ಭಾಯ್‌ಗೆ ಮಗಳಿಂದ ಎಲ್ಲ ಗೊತ್ತಾಗಿತ್ತು. "ತೋರಿಸಿ," ಎಂದರು. ಬೇಡ ಭಾಯ್ ಎಂದೆ. ಅವರೇ ಸುರುಳಿ ತೆಗೆದುಕೊಂಡು ಮೀನಿನ ಕಟ್ಟೆಯ ಮೇಲೆ ಬಿಚ್ಚಿದರು.

"ಕಣ್ಣಿಗೆ ಪಟ್ಟಿ ಯಾಕೆ? ಇದು ಕಳ್ಳರಿಗೆ ಹಾಕೋದಲ್ವಾ?"

ನಾನು ಪಟ್ಟಿಯ ತುದಿ ಕೀಳಲು ಹೋದೆ, ಬರಲಿಲ್ಲ.

"ಕೆಳಗೆ ಏನ್ ಬರ್ದಿದೆ, ಓದಿ."

ಓದಿದೆ. ಅವರು ಮೀನಿಗೆ ಐಸು ತಳ್ಳಿದರು.

"ಮಾತು ಸುಳ್ಳಲ್ಲ ಮೇಡಂ. ನಾನೇ ನಿಮಗೆ ಹೇಳಿದ್ದು. ಹೋಟ್ಲು ಎಲ್ಲಿ ಹೋಯ್ತು?"

"ತೆಗೆಸಿಬಿಟ್ರು."

"ನೀವು ಒಪ್ಕೊಂಡ್ರಾ?"

"ಒಪ್ಕೊಂಡೆ ಭಾಯ್. ತಪ್ಪಾಯ್ತು."

ಅಷ್ಟರಲ್ಲಿ ಗಿರಾಕಿಯೊಬ್ಬರು ಸೀಗಡಿ ಕೇಳಿದರು. ಭಾಯ್ ಆ ಕಡೆ ತಿರುಗಿದರು. ನಾನು ಹೊರಟೆ. ಫ್ಲೆಕ್ಸ್ ಅವರ ಬಳಿಯೇ ಉಳಿಯಿತು.

ಸಂಸ್ಥೆಯಿಂದ ನನಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬಂತು. ಇನ್ನು ಮುಂದೆ ನನ್ನ ಸೇವೆ ಬೇಡವೆಂದೂ, ಪ್ರದರ್ಶನದ ವಸ್ತುವಿಗೆ ಹಾನಿ ಮಾಡಿದ್ದೇನೆಂದೂ ಇತ್ತು. ಅದು ನನಗೆ ನೋವು ಕೊಡಲಿಲ್ಲ. ನೋವು ಕೊಟ್ಟದ್ದು ಭಾಯ್ ಅಂಗಡಿ. ನಾನು ಹೋದರೆ ಮೀನು ತೂಗುತ್ತಿದ್ದರು, ಚೆನ್ನಾಗಿ ಕತ್ತರಿಸಿ ಕೊಡುತ್ತಿದ್ದರು, "ಬರ್ಲಾ ಭಾಯ್" ಎಂದರೆ ತಲೆಯಾಡಿಸುತ್ತಿದ್ದರು. ಯಾವ ಮೀನು ಸಣ್ಣದಾಗಿದೆ, ಯಾವುದು ಬರುವುದು ನಿಂತಿದೆ ಎಂಬ ಮಾತು ಮಾತ್ರ ನಿಂತುಹೋಯಿತು.

ಎರಡು ತಿಂಗಳಾದ ಮೇಲೆ ಟೀಚರ್ ಫೋನ್ ಮಾಡಿದರು.

"ಮಕ್ಕಳು ತಿಮಿಂಗಿಲದ ವಿಷಯ ಕೇಳ್ತಾನೇ ಇದಾರೆ. ನೀವು ಸ್ಕೂಲಿಗೆ ಬರ್ಬೇಕು. ಆದ್ರೆ ಮೊದಲು ಆ ಫೋಟೋ ವಿಷಯ ಹೇಳ್ಬೇಕು. ನಾನು ಹೇಳಲ್ಲ, ನೀವೇ ಹೇಳ್ಬೇಕು."

ಹೋದೆ. ಮೂವತ್ತೈದು ಮಕ್ಕಳ ಎದುರು ನಿಂತು, ನಾನು ಏನು ಬರೆದಿದ್ದೆ, ಅದರಲ್ಲಿ ಏನು ಕಿತ್ತರು, ಯಾಕೆ ಕಿತ್ತರು, ನಾನು ಯಾಕೆ ಸುಮ್ಮನಾದೆ ಎಂದು ಹೇಳಿದೆ. ಅಂದು ಗಟ್ಟಿಯಾಗಿ ಓದಿದ್ದ ಹುಡುಗಿ ಎದ್ದು ನಿಂತಳು.

"ಹಂಗಂದ್ರ ನಾ ಓದಿದ್ದು ಸುಳ್ಳೇನ್ರಿ?"

"ಸುಳ್ಳಲ್ಲಮ್ಮ. ಅರ್ಧ."

"ಮತ್ತ ಉಳದದ್ದು ಹೇಳ್ರಿ, ನಾ ಬರೀತೀನಿ." ಬೋರ್ಡಿನ ಹತ್ತಿರ ಹೋಗಿ ಸೀಮೆಸುಣ್ಣ ತೆಗೆದುಕೊಂಡಳು. ಸಂಸ್ಥೆಯವರು ಕಿತ್ತುಹಾಕಿದ್ದ ಸಾಲುಗಳನ್ನು ನಾನು ಒಂದೊಂದಾಗಿ ಹೇಳಿದೆ, ಅವಳು ಬರೆದಳು, ಉಳಿದವರು ನೋಟ್ ಬುಕ್ಕಿಗೆ ಇಳಿಸಿಕೊಂಡರು. ಟೀಚರ್ ಹಿಂದಿನ ಬೆಂಚಿನಲ್ಲಿ ಕೈ ಕಟ್ಟಿ ಕೂತಿದ್ದರು. "ಅಬ್ಬಾನನ್ನೂ ಕರೆದಿದ್ದೆ, ಬರಲ್ಲ ಅಂದ್ರು," ಎಂದಷ್ಟೇ ಹೇಳಿದರು. ಈಗ ನಾನು ಪ್ರತಿ ತಿಂಗಳೂ ಒಂದು ದಿನ ಆ ಶಾಲೆಗೆ ಹೋಗುತ್ತೇನೆ. ಟೀಚರ್ ಚಹಾ ಕೊಡುತ್ತಾರೆ. ಹಳೆಯ ನಗು ಇನ್ನೂ ಬಂದಿಲ್ಲ.

ಈ ವರ್ಷ ಆ ಪ್ರದರ್ಶನ ಬೇರೊಂದು ನಗರಕ್ಕೆ ಹೋಯಿತು. ಅದರ ಪುಸ್ತಿಕೆಯನ್ನು ಗೆಳತಿಯೊಬ್ಬಳು ಕಳಿಸಿದಳು. ಕೊನೆಯ ಪುಟದಲ್ಲಿ ಅದೇ ತಲೆಬರಹ, ಅಲ್ಲಿಯ ಭಾಷೆಗೆ ತಿರುಗಿಸಿದ ನನ್ನದೇ ವಾಕ್ಯ. ಭಾಯ್ ಜಾಗದಲ್ಲಿ ಯಾವುದೋ ಬಂದರಿನ ಒಬ್ಬ ಹೆಂಗಸು, ಬುಟ್ಟಿಯನ್ನು ಕ್ಯಾಮೆರಾಗೆ ಕಾಣುವ ಹಾಗೆ ಓರೆ ಮಾಡಿ ಹಿಡಿದು ನಗುತ್ತಿದ್ದಾಳೆ. ಬುಟ್ಟಿಯಲ್ಲಿರುವುದು ನೆತ್ತಲಿ. ನೆತ್ತಲಿ ಪೂರ್ತಿ ಬೆಳೆದರೂ ಬೆರಳುದ್ದವೇ. ಅವು ಮರಿಗಳಲ್ಲ, ಮೊಟ್ಟೆ ಇಟ್ಟು ಮುಗಿಸಿದ ಮೀನುಗಳೂ ಅದರಲ್ಲಿರುತ್ತವೆ.

ಸಂಸ್ಥೆಗೆ ಎರಡು ಪುಟದ ಪತ್ರ ಬರೆದೆ. ಮೊದಲ ಪುಟ ಆ ಹೆಂಗಸಿನ ಬಗ್ಗೆ. ಅವಳಿಗೆ ಏನು ಹೇಳಿ ಫೋಟೋ ತೆಗೆದಿರಿ, ಕೆಳಗೆ ಏನು ಬರೆದಿದೆ ಎಂದು ಅವಳಿಗೆ ಯಾರಾದರೂ ಓದಿ ಹೇಳಿದರೇ ಎಂದು ಕೇಳಿದ್ದೆ. ಎರಡನೆಯ ಪುಟದಲ್ಲಿ ನೆತ್ತಲಿಯ ವಿಷಯ. ಹತ್ತು ದಿನಕ್ಕೆ ಉತ್ತರ ಬಂತು. ಮೀನಿನ ಕುರಿತ ತಪ್ಪನ್ನು ತೋರಿಸಿದ್ದಕ್ಕೆ ಧನ್ಯವಾದ, ಮುಂದಿನ ಮುದ್ರಣದಲ್ಲಿ ಬುಟ್ಟಿಯೊಳಗಿನ ಮೀನಿನ ಚಿತ್ರವನ್ನು ಬದಲಿಸುತ್ತೇವೆ ಎಂದಿತ್ತು. ಹೆಂಗಸಿನ ಬಗ್ಗೆ ಒಂದು ಮಾತೂ ಇರಲಿಲ್ಲ.