ತಳ ಕಟ್ಟಿದ ಜಾಳಿಗೆ

ಇವತ್ತು ಬೆಳಿಗ್ಗೆ ಅಡುಗೆಮನೆಯ ತೊಲೆಯಿಂದ ನೆಲುವು ಇಳಿಸಿದೆ. ಬೆಕ್ಕಿನ ಬಾಯಿಗೆ ಸಿಗದಿರಲೆಂದು ಬೆಣ್ಣೆ ಗಡಿಗೆಯನ್ನು ತೂಗುಹಾಕುತ್ತೇವಲ್ಲ, ಅದೇ. ಮನೆಗೆ ಫ್ರಿಜ್ ಬಂದ ಮೇಲೆ ಅದಕ್ಕೆ ಕೆಲಸವಿಲ್ಲ. ಮೂಗಿನ ಹತ್ತಿರ ಹಿಡಿದೆ. ಹೊಗೆ, ಹಳೆ ಬೆಣ್ಣೆ, ಎಲ್ಲೋ ಒಂದಿಷ್ಟು ಬೆವರು. ಬೆವರು ನನ್ನ ಕಲ್ಪನೆ ಇದ್ದೀತು ಬಿಡಿ. ಅದು ಹುಟ್ಟಿನಿಂದ ನೆಲುವಲ್ಲ, ಬ್ಯಾಸ್ಕೆಟ್‌ಬಾಲ್ ಕಂಬದ ಜಾಳಿಗೆ.

ಎಪ್ಪತ್ತರ ದಶಕದಲ್ಲಿ ನಮ್ಮ ಮನೆಯವರು ಆ ಆಟದಿಂದಲೇ ಹೊಟ್ಟೆ ಹೊರೆದವರು. ದೊಡ್ಡ ಹೆಸರೇನಲ್ಲ. ಮೊದಲು ದಾವಣಗೆರೆಯ ಗಿರಣಿ ತಂಡ, ಆಮೇಲೆ ಹುಬ್ಬಳ್ಳಿ, ಬೆಂಗಳೂರಿನ ಕಾರ್ಖಾನೆ, ಅಲ್ಲಿಂದ ಇನ್ನೆಲ್ಲೋ. ಯಾರಿಗೆ ಎತ್ತರದ ಆಳು ಬೇಕೋ ಅವರು ಕರೆಯುತ್ತಿದ್ದರು, ಇವರು ಟ್ರಂಕು ಹಿಡಿದು ಹೊರಡುತ್ತಿದ್ದರು. ನಾನು ಕೊಟ್ಟೂರಿನಲ್ಲಿ ಅತ್ತೆಯ ಜೊತೆ. ಹೊಸ ತಂಡ ಸೇರಿದಾಗೆಲ್ಲ ಹಳೆ ತಂಡದ ಬಣ್ಣದ ಬನಿಯನ್ ಮನೆಗೆ ಬರುತ್ತಿತ್ತು. ಅದನ್ನೇ ಹಿಡಿದು ನಾನು ಬಿಸಿ ಪಾತ್ರೆ ಇಳಿಸುತ್ತಿದ್ದೆ. ಎಷ್ಟೋ ಊರಿನ ಮರ್ಯಾದೆ ನನ್ನ ಒಲೆಯ ಮುಂದೆ ಮಸಿಯಾಗಿದೆ.

ಒಮ್ಮೆ ಗೆದ್ದ ಪಂದ್ಯದ ನೆನಪಿಗೆಂದು ಈ ಜಾಳಿಗೆ ತಂದರು. ಅತ್ತೆ ತಿರುಗಿಸಿ ತಿರುಗಿಸಿ ನೋಡಿದರು.

“ಇದೇನಲೇ, ನೆಲುವಿಗೆ ತಳಾನ ಇಲ್ಲ?”

“ಅದು ಇರೋದಾ ಹಂಗ ಬೇ. ಚೆಂಡು ಕೆಳಗ ಬೀಳಬೇಕು.”

“ಬಿದ್ದು ಹೋಗೋದನ್ನ ಅಷ್ಟು ದೂರದಿಂದ ಯಾಕ ಒಗೀತಿ?”

ಇವರು ಸಂತೆಗೆ ಹೋಗಿ ಬರುವಷ್ಟರಲ್ಲಿ ಅತ್ತೆ ಪುಂಡಿ ನಾರಿನಿಂದ ತಳ ಬಿಗಿದು, ಗಡಿಗೆ ಇಟ್ಟು ತೂಗುಹಾಕಿದ್ದರು.

ಕೊನೆಯ ಊರಿನಲ್ಲಿ ಮೊಣಕಾಲು ಕೈಕೊಟ್ಟಿತು. ಇವರು ಮನೆಗೆ ಬಂದು ಹತ್ತಿ ಜಿನ್ನಿನಲ್ಲಿ ತೂಕದ ಕೆಲಸ ಹಿಡಿದರು. ಓಣಿಯವರಿಗೆ ನಡೆದಾಡುವ ನಿಚ್ಚಣಿಕೆ ಸಿಕ್ಕಂತಾಯಿತು. ನನಗೋ, ದಿನಾ ಸಂಜೆ ಮನೆಗೆ ಬರುವ ಗಂಡ ಹೊಸ ರೂಢಿ. ರೂಢಿ ಹಿಡಿಸಿತ್ತು.

ಎರಡು ವರ್ಷದ ಮೇಲೆ, ಮೊಣಕಾಲು ಒಂದಿಷ್ಟು ಸುಧಾರಿಸಿದಾಗ, ಹಳೆ ಕ್ಯಾಪ್ಟನ್ನರ ಕಾಗದ ಬಂತು: ಒಂದೇ ವರ್ಷ ಬಾ, ಸಾಕು. ಇವರು ಟ್ರಂಕು ಒರೆಸಿದರು. ಬೆಳಗಿನ ಬಸ್ಸು. ಅದೃಷ್ಟದ ಜಾಳಿಗೆ ಜೊತೆಗಿರಲೆಂದು ಗಡಿಗೆ ಇಳಿಸಿ ಗಂಟು ಬಿಚ್ಚಲು ಕೂತರು. ಹೊಗೆ, ಜಿಡ್ಡು ಕುಡಿದ ಪುಂಡಿ ನಾರು ಅದು, ಜಪ್ಪಯ್ಯ ಅನ್ನಲಿಲ್ಲ.

“ಕತ್ತರಿ ಎಲ್ಲೈತಿ?”

ನಾನು ಕೌದಿ ಹೊಲಿಯುತ್ತ ಕೂತಿದ್ದೆ. ಕತ್ತರಿ ಕೌದಿಯ ಕೆಳಗೆ, ನನ್ನ ತೊಡೆಗೆ ಒತ್ತುತ್ತಿತ್ತು. ಹೋಗಬೇಡಿ ಎನ್ನಲು ನನಗೆ ಬಾಯಿಲ್ಲ.

“ಕಾಣವಲ್ದುರಿ,” ಎಂದೆ.

“ಬಾಜು ಮನ್ಯಾಗ ಕೇಳಬಾರದೇನು?” ಎಂದರು ಅತ್ತೆ. ನಾನು ಕೌದಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ.

ಇವರು ಏಳಲಿಲ್ಲ. ದೀಪ ಹಚ್ಚುವತನಕ ಉಗುರಿನಿಂದ ಗಂಟು ಕೆದರುತ್ತ ಕೂತರು. ನಾನೂ ಏಳದೆ ಹೊಲಿದೆ. ಆವತ್ತಿನಷ್ಟು ಸಣ್ಣ ಹೊಲಿಗೆ ಮತ್ತೆಂದೂ ಹಾಕಿಲ್ಲ. ಕಡೆಗೆ, “ಇದನ್ನ ಒಯ್ದರ ಗಡಿಗಿ ಎಲ್ಲಿಡತೀರಿ?” ಎನ್ನುತ್ತ ಮತ್ತೆ ತೂಗುಹಾಕಿದರು. ಬೆಳಿಗ್ಗೆ ಬಸ್ಸು ಇವರನ್ನು ಬಿಟ್ಟು ಹೋಯಿತು.

ಒಬ್ಬ ಮನುಷ್ಯನ ಆಟವನ್ನು ಕೂತಲ್ಲೇ ಮುಗಿಸಿದೆನಲ್ಲ ಎಂಬ ಮುಳ್ಳು ಇಷ್ಟು ವರ್ಷ ನನ್ನೊಳಗೇ ಇತ್ತು. ಈಗ ಇವರು ಸಂಜೆ ಹೆಣ್ಣುಮಕ್ಕಳ ಹೈಸ್ಕೂಲಿನ ಬಯಲಿನಲ್ಲಿ, ಕಂಬಕ್ಕೆ ಬ್ಯಾರಲ್ಲಿನ ಬಳೆ ಬಡಿದು ಆಟ ಕಲಿಸುತ್ತಾರೆ. ಬಳೆಗೆ ಜಾಳಿಗೆ ಇಲ್ಲ. ಅದಕ್ಕೇ ಇವತ್ತು ತಳ ಕತ್ತರಿಸಿ, ಇವರ ಕೈಗಿಟ್ಟೆ.

ನೋಡಿದರು. “ಕತ್ತರಿ ಸಿಕ್ತೇನು ಹಂಗಾರ?”

“ಯಾವ ಕತ್ತರಿರೀ?”

“ಕೌದಿ ಕೆಳಗಿಂದು. ಹಿಡಿಕಿ ಹೊರಗ ಚಾಚಿತ್ತಲ್ಲ.”

ನಾನು ಕತ್ತರಿಸಿದ ನಾರನ್ನು ಬೆರಳಿಗೆ ಸುತ್ತತೊಡಗಿದೆ.

“ನೀ ಎಲ್ಲಿ ಎದ್ದುಬಿಡ್ತೀಯೋ ಅಂತ ನನಗ ಹೆದರಿಕಿ ಆಗಿತ್ತು ನೋಡು,” ಎಂದರು.

ಸಂಜೆ ಮೊದಲ ಸಲ ನಾನೂ ಬಯಲಿಗೆ ಹೋದೆ. ಕರೀ ಜಾಳಿಗೆಯ ಕೆಳಗೇ ನಿಂತೆ. ಒಂದು ಹುಡುಗಿ ಎಸೆದ ಚೆಂಡು ಬಳೆಯೊಳಗೆ ಹೊಕ್ಕು ಕೆಳಗಿಳಿಯಿತು. ಅತ್ತೆಗೆ ತಕ್ಕ ಸೊಸೆ ನಾನು; ಎಲ್ಲಿ ಬಿದ್ದು ಒಡೆಯುತ್ತದೋ ಎಂದು ಎರಡೂ ಕೈ ಚಾಚಿದ್ದೆ.