ನಾಲ್ಕು ಚೊಕ್ಕ ಹೆಬ್ಬೆಟ್ಟುಗಳು

ಬ್ಯಾಂಕಿನ ತಪಾಸಣೆ ವಿಭಾಗದಲ್ಲಿ ನಾನು ಇದ್ದಷ್ಟು ವರ್ಷ ಯಾವ ಶಾಖೆಯವರೂ ನನ್ನನ್ನು ನಗುಮುಖದಿಂದ ಬರಮಾಡಿಕೊಳ್ಳಲಿಲ್ಲ. ಅದಕ್ಕೆ ನನಗೆ ಬೇಜಾರಿಲ್ಲ, ಹೆಮ್ಮೆಯೇ ಇದೆ. ನಾನು ಬಾಗಿಲಲ್ಲಿ ಕಾಲಿಟ್ಟೊಡನೆ ಜವಾನರು "ಬಂತಪ್ಪಾ ಶನಿ" ಎಂದು ಪಿಸುಗುಟ್ಟುತ್ತಿದ್ದರು. ಕೇಳಿಸಲಿ ಎಂದೇ ಅನ್ನುತ್ತಿದ್ದರೋ ಏನೋ. ಕಾಗದ ನೋಡಿದರೆ ಸಾಕು, ಅದರ ಹಿಂದಿನ ಮನುಷ್ಯ ನನಗೆ ಕಾಣುತ್ತಾನೆ ಎಂದು ಕಲಬುರ್ಗಿಯ ಆಫೀಸಿನಲ್ಲಿ ಕೊಚ್ಚಿಕೊಳ್ಳುತ್ತಿದ್ದೆ. ಪೂರಾ ಸುಳ್ಳೇನಲ್ಲ, ಹತ್ತರಲ್ಲಿ ಒಂಬತ್ತು ಸಲ ಕಾಣುತ್ತಿದ್ದ. ಹತ್ತನೆಯದು ವಾಡಿಯದು.

ಎಪ್ಪತ್ತರ ದಶಕದ ಕೊನೆಯ ಮಾತು. ಒಂದು ಬುಧವಾರ ಪ್ಯಾಸೆಂಜರ್ ಗಾಡಿ ಹಿಡಿದು, ಶಹಾಬಾದ್ ದಾಟಿ ವಾಡಿಯಲ್ಲಿ ಇಳಿದೆ. ವಿಷಯ ಒಬ್ಬ ಹೆಣ್ಣುಮಗಳ ಉಳಿತಾಯ ಖಾತೆಯದು. ಅವಳ ಗಂಡ ಸುಣ್ಣದ ಭಟ್ಟಿಯಲ್ಲಿ ಕಲ್ಲು ಕುಸಿದು ಸತ್ತಿದ್ದ. ಪರಿಹಾರವೆಂದು ಬಂದ ನಾಲ್ಕು ಸಾವಿರದ ಚಿಲ್ಲರೆಯನ್ನು ಅವಳು ನಮ್ಮ ಶಾಖೆಯಲ್ಲಿ ಇಟ್ಟು, ಎರಡು ವರ್ಷ ಆ ಕಡೆ ತಲೆ ಹಾಕಿರಲಿಲ್ಲ. ಮಗಳು ಚಿತ್ತಾಪುರದ ಹೈಸ್ಕೂಲಿನಲ್ಲಿ ಮೆಟ್ರಿಕ್ ಮುಗಿಸಿ, ಕಲಬುರ್ಗಿಯ ಒಂದು ದವಾಖಾನೆಯಲ್ಲಿ ನರ್ಸ್ ತರಬೇತಿಗೆ ಆಯ್ಕೆಯಾದಳು. ಸೋಮವಾರದೊಳಗೆ ಎಂಟುನೂರು ರೂಪಾಯಿ ಕಟ್ಟಿ ಸೇರಬೇಕು, ಇಲ್ಲವಾದರೆ ಸೀಟು ಮುಂದಿನ ಹುಡುಗಿಗೆ. ತಾಯಿ ರೊಕ್ಕ ತೆಗೆಯಲು ಬಂದಾಗ ಖಾತೆಯಲ್ಲಿ ಇದ್ದದ್ದು ಹದಿನೇಳು ರೂಪಾಯಿ. ನಾಲ್ಕು ಸಲ ಹಣ ತೆಗೆದಾಗಿತ್ತು. ನಾಲ್ಕೂ ಚೀಟಿಗಳ ಮೇಲೆ ಹೆಬ್ಬೆಟ್ಟಿನ ಗುರುತು ಇತ್ತು.

ಮ್ಯಾನೇಜರ್ ಮಂಗಳೂರು ಕಡೆಯವರು. ಈ ಸೀಮೆಗೆ ಬಂದು ಎರಡು ವರ್ಷವಾಗಿದ್ದರೂ ಇಲ್ಲಿಯ ಜನರ ಮಾತು ಅವರಿಗೆ ಅರ್ಧ ತಿಳಿಯುತ್ತಿತ್ತು, ಅರ್ಧ ತಲೆಯ ಮೇಲಿಂದ ಹೋಗುತ್ತಿತ್ತು. "ಇದರಲ್ಲಿ ತನಿಖೆ ಎಂತದ್ದು ಮಾರಾಯ್ರೆ? ಅವಳೇ ತೆಗೆದು ಮೈದುನನಿಗೋ ಮತ್ಯಾರಿಗೋ ಕೊಟ್ಟಿದ್ದಾಳೆ. ಈಗ ಇಲ್ಲ ಅಂತಾಳೆ" ಎಂದರು. ನನಗೂ ಹಾಗೇ ಅನ್ನಿಸಿತ್ತು. ಇಂಥ ಪ್ರಕರಣಗಳಲ್ಲಿ ಮನೆಯವರೇ ಕಳ್ಳರಾಗಿರುವುದು ಹೊಸದೇನಲ್ಲ.

ಓದು ಬರಹ ಇಲ್ಲದವರ ಖಾತೆಗೆ ಒಂದು ನಿಯಮವಿತ್ತು. ಖಾತೆದಾರರು ತಾವೇ ಪಾಸ್‌ಬುಕ್ ಹಿಡಿದು ಬರಬೇಕು. ಮ್ಯಾನೇಜರ್ ಅವರ ಮುಖವನ್ನೂ ಪಾಸ್‌ಬುಕ್ಕಿನ ಫೋಟೋವನ್ನೂ ನೋಡಬೇಕು. ಹೆಬ್ಬೆಟ್ಟು ಅವರ ಕಣ್ಣೆದುರೇ ಒತ್ತಬೇಕು. ಬ್ಯಾಂಕಿಗೆ ಪರಿಚಯವಿದ್ದವರೊಬ್ಬರು ಪಕ್ಕದಲ್ಲಿ ಸಾಕ್ಷಿ ಸಹಿ ಹಾಕಬೇಕು. ಈ ನಾಲ್ಕೂ ಚೀಟಿಗಳಿಗೆ ಸಾಕ್ಷಿ ಹಾಕಿದ್ದವರು ಮಾಸ್ತರರು. ಊರೆಲ್ಲ ಅವರನ್ನು ಹಾಗೇ ಕರೆಯುತ್ತಿತ್ತು. ಸಾಲಿ ಮಾಸ್ತರಿಕೆಯಿಂದ ನಿವೃತ್ತರಾಗಿ, ಬ್ಯಾಂಕಿನ ಕಟ್ಟೆಯ ಮೇಲೆ ಒಂದು ತಗಡಿನ ಪೆಟ್ಟಿಗೆ ಇಟ್ಟುಕೊಂಡು ಕೂತು, ನಾಲ್ಕಾಣೆಗೆ ಒಂದರಂತೆ ಕೂಲಿಯವರ ಚೀಟಿ ತುಂಬಿಕೊಡುತ್ತಿದ್ದರು. ಮುತ್ತು ಪೋಣಿಸಿದಂಥ ಅಕ್ಷರ. ಕನ್ನಡ, ಉರ್ದು ಎರಡೂ ನೀರು ಕುಡಿದಷ್ಟು ಸಲೀಸು. ನಾನು ಬಂದ ದಿನವೇ ನನಗೆ ಚಹಾ ತರಿಸಿಕೊಟ್ಟು, "ಭಾಳ ಚಾಲಾಕಿ ಹೆಣ್ಣಮಗಳ್ರಿ ಸಾಹೇಬ್ರ. ದಿನಾ ಇವರ ಮಾರಿ ನೋಡಾಂವ ನಾ, ನನಗ ಗೊತ್ತಿಲ್ಲೇನ್ರಿ?" ಎಂದರು. ನಾನು ಹೌದೌದು ಎಂದೆ. ಅಷ್ಟೇ ಅಲ್ಲ, ಅವಳ ಹೇಳಿಕೆಯನ್ನು ಚೆಂದಾಗಿ ಬರೆದುಕೊಡಿ ಎಂದು ಅದೇ ಮನುಷ್ಯನ ಕೈಗೇ ಕಾಗದ ಕೊಟ್ಟೆ! ಈಗ ನೆನೆಸಿಕೊಂಡರೆ ನನ್ನ ಕಪಾಳಕ್ಕೆ ನಾನೇ ಎರಡು ಬಿಟ್ಟುಕೊಳ್ಳಬೇಕು ಅನ್ನಿಸುತ್ತದೆ.

ಗುರುವಾರ ಅವಳನ್ನು ಕರೆಸಿದೆ. ನಲವತ್ತರ ಆಸುಪಾಸು, ಸೀರೆಯ ಮಡಿಕೆಗಳಲ್ಲೂ ಸುಣ್ಣದ ಪುಡಿ. ಅಳಲಿಲ್ಲ, ಕೈ ಮುಗಿಯಲಿಲ್ಲ. "ನಾ ಬಂದೇ ಇಲ್ರಿ. ಬಂದಿದ್ರ ಬಂದೀನಿ ಅಂತಿದ್ದೆ" ಎಂದಳು, ಅಷ್ಟೇ. ಚೀಟಿಗಳ ಮೇಲಿನ ನಾಲ್ಕು ಹೆಬ್ಬೆಟ್ಟುಗಳೂ ಬಹಳ ಚೊಕ್ಕವಾಗಿದ್ದವು, ಒಂದೊಂದು ಗೆರೆಯನ್ನೂ ಎಣಿಸಬಹುದಿತ್ತು. ನಾಲ್ಕರಲ್ಲೂ ಅಡ್ಡಡ್ಡ ಒಂದು ಬಿಳಿ ಗೀಟು, ಹಳೆಯ ಗಾಯದ್ದು. ಆದರೆ ಖಾತೆ ತೆರೆದಾಗ ಕಾರ್ಡಿನ ಮೇಲೆ ಒತ್ತಿಸಿಕೊಂಡ ಗುರುತು ಒಂದು ಗೆರೆಯೂ ಇಲ್ಲದ ಬರೀ ಕಪ್ಪು ಗುಡ್ಡೆ. ಹೊಸದಾಗಿ ಒತ್ತಿಸಿ ತಾಳೆ ನೋಡೋಣವೆಂದು ಮಸಿ ಪ್ಯಾಡ್ ಮುಂದಿಟ್ಟೆ. ಒತ್ತಿದಳು. ಗುಡ್ಡೆ. ಕೈ ತೊಳೆಸಿ ಮತ್ತೆ ಒತ್ತಿಸಿದೆ. ಮತ್ತೆ ಗುಡ್ಡೆ. ಐದು ಸಲ ಒತ್ತಿಸಿದೆ, ಐದು ಸಲವೂ ಅದೇ.

ನನ್ನ ಪಿತ್ತ ನೆತ್ತಿಗೇರಿತು. ಗುರುತು ಸಿಗಬಾರದೆಂದು ಬೆರಳು ಹೊರಳಿಸಿ ಕೆಡಿಸುವ ಕಿಲಾಡಿಗಳನ್ನು ನಾನು ಬೇಕಾದಷ್ಟು ಕಂಡಿದ್ದೆ. "ಬೇಕಂತನೇ ಕೆಡಸಲಿಕತ್ತೀ ಏನು? ನನ್ನ ಮುಂದ ಈ ಆಟ ನಡೆಯಂಗಿಲ್ಲ!" ಎಂದು ಮೇಜು ಗುದ್ದಿದೆ.

"ನಿಮ್ಮ ಕೈಲೇ ಒತ್ತಸ್ರಿ ಯಪ್ಪಾ" ಎಂದು ಅವಳು ಕೈ ಚಾಚಿದಳು. ಹಿಡಿದು ಒತ್ತಿಸಿದೆ. ಗುಡ್ಡೆಯೇ ಬಂತು. "ಹನ್ನೆರಡು ವರ್ಷ ಸುಟ್ಟ ಸುಣ್ಣ ಆರಿಸೀನ್ರಿ. ಅದು ಬಟ್ಟು ತಿಂದು ಬಿಟ್ಟದ. ಗೆರಿ ಎಲ್ಲಿ ಉಳೀತಾವ?" ಎಂದಳು. ಇದೂ ಒಂದು ನೆಪ ಎಂದುಕೊಂಡೆ. ನೆಪವನ್ನು ಬುಡಸಮೇತ ಕಿತ್ತು ಹಾಕದೆ ಬಿಡುವ ಜಾತಿ ನನ್ನದಲ್ಲ. ಮರುದಿನ ಅವಳು ಕೆಲಸ ಮಾಡುವ ಭಟ್ಟಿಗೇ ಹೋಗಿ, ಉಳಿದ ಹೆಂಗಸರ ಗುರುತು ನೆಟ್ಟಗೆ ಬರುತ್ತದೆ ಎಂದು ತೋರಿಸಿ, ಅವಳ ಬಾಯಿ ಮುಚ್ಚಿಸಬೇಕೆಂದು ತೀರ್ಮಾನಿಸಿದೆ.

ಶುಕ್ರವಾರ ಮಸಿ ಪ್ಯಾಡ್ ಹಿಡಿದು ಭಟ್ಟಿಗೆ ಹೋದೆ. ಊಟದ ಹೊತ್ತು, ಹೆಂಗಸರು ರೊಟ್ಟಿ ಬಿಚ್ಚಿಕೊಂಡು ಕೂತಿದ್ದರು. ನಾನು ಬೆರಳು ಕೇಳಿದ್ದಕ್ಕೆ ಒಬ್ಬಳು, "ಸಾಹೇಬ್ರು ನಮ್ಮ ಹೆಸರಿಗೆ ಹೊಲ ಬರಸಲಿಕತ್ತಾರ ಕಾಣ್ತದ" ಎಂದಳು. ಇನ್ನೊಬ್ಬಳು, "ನನಗ ಕಾಗಿಣಾ ಹೊಳಿ ದಂಡಿದೇ ಬರಸ್ರಿ, ನೀರಿಂದು" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹತ್ತು ಜನ ಒತ್ತಿದರು. ಕಾಗದದ ಮೇಲೆ ಹತ್ತು ಕಪ್ಪು ಗುಡ್ಡೆಗಳು. ಪ್ಯಾಡೇ ಕೆಟ್ಟಿರಬೇಕೆಂದು ನನ್ನ ಹೆಬ್ಬೆಟ್ಟನ್ನೇ ಅದ್ದಿ ಕೊನೆಗೆ ಒತ್ತಿದೆ. ಗೆರೆಗೆರೆಯೂ ಮೂಡಿತು.

ಒಬ್ಬ ಮುದುಕಿ ಬಗ್ಗಿ ನೋಡಿ, "ಎಷ್ಟು ಛಂದ ಬಿದ್ದದ ನೋಡ್ರೆ! ಕೆಲಸಾ ಮಾಡದ ಕೈ" ಎಂದಳು.

ಬಾಯಿ ಮುಚ್ಚಿಸಲು ಹೋದವನ ಬಾಯಿಯೇ ಮುಚ್ಚಿತು. ಚೀಟಿಗಳ ಮೇಲೆ ಇದ್ದದ್ದು ನಾಲ್ಕೂ ಚೊಕ್ಕ ಗುರುತುಗಳು. ಕೂಲಿ ಹೆಂಗಸಿನ ಹೆಸರಲ್ಲಿ ಹಣ ಎತ್ತಿದವನು ತನ್ನ ಬೆರಳನ್ನು ಚೆನ್ನಾಗಿ ಒತ್ತಿದ್ದ, ಅದೇ ಅವನು ಮಾಡಿದ ತಪ್ಪು. ಕೆಡಿಸಿ ಒತ್ತಿದ್ದರೆ ದೇವರಾಣೆಗೂ ಸಿಕ್ಕುತ್ತಿರಲಿಲ್ಲ. "ನಿಮ್ಮ ಪಾಸ್‌ಬುಕ್ಕು ಎಲ್ಲಿ ಇಡ್ತೀರವ್ವಾ?" ಎಂದು ಕೇಳಿದೆ. "ಮಾಸ್ತರ ಪೆಟಗ್ಯಾಗ ಅವ್ರಿ. ಗುಡಸಲದಾಗ ಇಟ್ರ ಇಲಿ ತಿಂತಾವ, ಇಲ್ಲಾಂದ್ರ ಗಂಡಸ್ರು ಕುಡಿಲಿಕ್ಕ ಒಯ್ತಾರ" ಎಂದರು. ಭಟ್ಟಿಯ ಹಾಜರಿ ಪುಸ್ತಕ ತರಿಸಿದೆ. ಹಣ ತೆಗೆದ ನಾಲ್ಕೂ ದಿನ ಅವಳು ಬೆಳಗಿನಿಂದ ಸಂಜೆಯವರೆಗೆ ಕೆಲಸದಲ್ಲಿದ್ದಳು.

ಶನಿವಾರ ಬೆಳಿಗ್ಗೆ ಮಾಸ್ತರರನ್ನು ಒಳಗೆ ಕರೆದು ಕಾಗದ, ಮಸಿ ಪ್ಯಾಡ್ ಮುಂದಿಟ್ಟೆ. "ಹೆಬ್ಬಟ್ಟಾ? ನಾನಾ?" ಎಂದು ಅವರು ಎದ್ದು ನಿಂತರು. "ನಿಜಾಮನ ಕಾಲದಿಂದ ಸಾಲಿ ಕಲಿಸಿದಾಂವ ನಾ. ಹೆಬ್ಬಟ್ಟು ಒತ್ತಸಿ ಅವಮಾನ ಮಾಡ್ತೀರೇನ್ರಿ?" ಇಡೀ ಶಾಖೆ ಅವರ ಪರವಾಗಿ ನಿಂತಿತು. ಕ್ಯಾಷಿಯರ್ ಅವರ ಶಿಷ್ಯನೇ, ಅವನ ಕಣ್ಣಲ್ಲಿ ನೀರು ಬಂತು. ಅಕ್ಷರ ಬಲ್ಲವನಿಗೆ ಹೆಬ್ಬೆಟ್ಟು ಕೇಳುವುದೆಂದರೆ ಈ ಕಡೆ ಚಪ್ಪಲಿ ತೋರಿಸಿದಷ್ಟೇ. ನನಗೆ ಅದು ಗೊತ್ತಿತ್ತು. ನಾನು ಮೊದಲು ನನ್ನ ಬೆರಳು ಒತ್ತಿದೆ. ಮ್ಯಾನೇಜರ ಕೈಗೆ ಪ್ಯಾಡ್ ಕೊಟ್ಟೆ, ಅವರೂ ಒತ್ತಿದರು. ಗುಮಾಸ್ತರು, ಕ್ಯಾಷಿಯರ್, ಜವಾನ ಎಲ್ಲರೂ ಒತ್ತಿದರು. "ಈಗ ನಾವೆಲ್ಲ ಹೆಬ್ಬೆಟ್ಟಿನವರೇ ಆದೆವು, ಬರ್ರಿ ಮಾಸ್ತರ್" ಎಂದೆ. ಕೊನೆಗೆ ಅವರೂ ಒತ್ತಿದರು. ಅಡ್ಡಗೀಟು ಅಲ್ಲಿತ್ತು. ಎಂದೋ ಸೀಸಕಡ್ಡಿ ಕೆತ್ತುವಾಗ ಚಾಕು ಕೊಯ್ದದ್ದಂತೆ. "ತಿರುಗಿ ಇಡಾಂವ ಇದ್ದೆರೀ" ಎಂದರು. ಆ ರೊಕ್ಕವನ್ನು ಶಹಾಬಾದಿನ ಕಡೆ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಒಂದು ಗಣಿಯಲ್ಲಿ ಪಾಲು ಹಾಕಿದ್ದರು, ಗಣಿಯಲ್ಲಿ ನೀರು ಬಂದು ಎಲ್ಲ ಮುಳುಗಿತ್ತು.

ನಾನು ಗೆದ್ದೆನೆಂದು ಬೀಗಿಕೊಂಡು ವರದಿ ಬರೆಯಲು ಕೂತೆ. ಆಗ ಮ್ಯಾನೇಜರ್ ಬಾಗಿಲು ಮುಂದೆ ಮಾಡಿ, ಕುರ್ಚಿ ಎಳೆದು ಕೂತರು. ಅವರಿಗೆ ಏನು ಬೇಕಿತ್ತೆಂದು ನನಗೆ ಗೊತ್ತಿತ್ತು. ನಾಲ್ಕು ಸಲವೂ ಅವರು ಅವಳ ಮುಖ ನೋಡಿರಲಿಲ್ಲ. "ಹೊರಗೆ ಕಟ್ಟೆಯ ಮೇಲೆ ಕೂತಿದ್ದಾಳೆ, ಮೈಯೆಲ್ಲ ಸುಣ್ಣ, ಒಳಗೆ ಬರಲು ನಾಚುತ್ತಾಳೆ" ಎಂದು ಮಾಸ್ತರರು ಅಂದಿದ್ದರು, ಇವರು ನಂಬಿ ಸಹಿ ಹಾಕಿದ್ದರು. ಆ ಒಂದು ಸಾಲು ನನ್ನ ವರದಿಯಲ್ಲಿ ಬಂದರೆ ಅವರ ನೌಕರಿಗೇ ಸಂಚಕಾರ.

"ಮೇಲಿನ ಆಫೀಸಿನಿಂದ ಮಂಜೂರಾಗಿ ಅವಳಿಗೆ ಹಣ ಬರಲಿಕ್ಕೆ ಆರು ತಿಂಗಳಾದರೂ ಬೇಕು. ಸೋಮವಾರಕ್ಕೆ ಎಂಟುನೂರು ನಾನು ನನ್ನ ಕೈಯಿಂದ ಕೊಡುತ್ತೇನೆ. ಆ ಸಾಲೊಂದು ಬಿಟ್ಟುಬಿಡಿ ಮಾರಾಯ್ರೆ" ಎಂದರು.

"ನಾಚಿಕೆ ಆಗಂಗಿಲ್ಲೇನ್ರಿ ನಿಮಗ?" ಎಂದು ಕೂಗಿದೆ. ಕಟ್ಟೆಯವರೆಗೂ ಕೇಳಿಸಿರಬೇಕು. ಅವರು ಕುರ್ಚಿ ಬಿಟ್ಟು ಏಳಲಿಲ್ಲ. ನನ್ನ ಜೇಬಿನಲ್ಲಿ ಊರಿಗೆ ಹೋಗುವ ಟಿಕೆಟ್ಟಿನ ದುಡ್ಡಿತ್ತು, ಅಷ್ಟೇ. ಅರ್ಧ ತಾಸು ಯೋಚಿಸಿದೆ. ಆಮೇಲೆ ಹಾಳೆ ಬದಲಿಸಿ, ಮಾಸ್ತರರ ಮೋಸವನ್ನು ಚಾಚೂ ತಪ್ಪದೆ ಬರೆದು, ಆ ಸಾಲನ್ನು ಬಿಟ್ಟೆ. ಎಂಟುನೂರು ಮೇಜಿನ ಮೇಲೆ ಬಂತು.

ಹುಡುಗಿ ಸೋಮವಾರ ಸೇರಿದಳು. ಬ್ಯಾಂಕಿನಿಂದ ತಾಯಿಯ ಹಣ ಎಂಟು ತಿಂಗಳ ಮೇಲೆ ಬಂತು. ಹುಡುಗಿ ನರ್ಸ್ ಆಗಿ ಸೇಡಂ ದವಾಖಾನೆಯಲ್ಲಿ ಕೆಲಸಕ್ಕೆ ಸೇರಿದಳೆಂದು ಕೇಳಿದೆ. ಇವತ್ತು ಅದೇ ಪ್ರಸಂಗ ಬಂದರೂ ಆ ಎಂಟುನೂರನ್ನು ನಾನು ಬೇಡ ಅನ್ನುವುದಿಲ್ಲ. ಅದರಲ್ಲಿ ನನಗೆ ಸಂಶಯವಿಲ್ಲ, ಯಾರು ಬಂದು ನ್ಯಾಯ ಹೇಳಿದರೂ ಸರಿಯೇ.

ಆದರೆ ಆ ಶನಿವಾರ ಮಧ್ಯಾಹ್ನ ತಾಯಿ ಒಬ್ಬಳೇ ಬಂದಳು. ಮಗಳು ಸಾಲಿಯ ಸರ್ಟಿಫಿಕೇಟ್ ತರಲು ಚಿತ್ತಾಪುರಕ್ಕೆ ಹೋಗಿದ್ದಳು. ರೊಕ್ಕವನ್ನು ಸೆರಗಿನಲ್ಲಿ ಕಟ್ಟಿಕೊಂಡಳು, ಹೋಗಲಿಲ್ಲ.

"ಮಾಸ್ತರ ಕಳ್ಳ, ಖರೆ. ಆದ್ರ ಈ ಸಾಹೇಬ್ರು ನನ್ನ ಮಾರಿ ನೋಡದ ಕೊಟ್ಟಾರಲ್ರಿ, ಅದು ಬರದೀರೇನು? ನಾಕು ಸಲ ನಾನೇ ಹೋಗಿ ಯಾರಿಗೋ ಕೊಟ್ಟೀನಿ ಅಂತ ಓಣಿ ಮಂದಿ ಆಡಿಕೊಳ್ಳಲಿಕತ್ತಾರ. ಮಗಳೂ ಒಂದಿನ ಕೇಳಿದಳು, ಖರೆ ಹೇಳವ್ವಾ ಅಂತ. ನೀವು ಬರದೀರಿ ಅಂದ್ರ ಸಾಕು, ಎದಿ ಎತ್ತಿ ಹೇಳ್ತೀನಿ."

"ಬರದೀನವ್ವಾ" ಎಂದೆ.

"ಓದ್ರಿ, ಕೇಳ್ತೀನಿ."

ವರದಿಯ ಕೊನೆಯ ಹಾಳೆ ಕೈಗೆತ್ತಿಕೊಂಡೆ. "ಖಾತೆದಾರಳ ಮುಖವನ್ನು ಒಮ್ಮೆಯೂ ನೋಡದೆ ನಾಲ್ಕು ಸಲ ಹಣ ಕೊಡಲಾಗಿದೆ" ಎಂದು ಗಟ್ಟಿಯಾಗಿ ಓದಿದೆ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಇನ್ನೊಮ್ಮೆ ಓದ್ರಿ ಎಂದಳು. ಆ ಸಾಲು ಇಲ್ಲದ ಕಾಗದವನ್ನು ನೋಡುತ್ತ ಇನ್ನೊಮ್ಮೆ ಓದಿದೆ.